ಎರಡನೇ ಸುತ್ತಿನ ಲೆಕ್ಕ

(ರಾಯಚೂರಿನ ಕಾಲೇಜೊಂದರಲ್ಲಿ ವಾರ್ಷಿಕ ಕ್ರೀಡಾಕೂಟಕ್ಕೆ ಮುಂಚೆ ವಿದ್ಯಾರ್ಥಿಗಳು, ಪೊಲೀಸ್ ನೇಮಕಾತಿಗೆ ತಯಾರಾಗುತ್ತಿರುವ ಹುಡುಗರು ಮತ್ತು ಕೆಲವು ಪಾಲಕರ ಮುಂದೆ ಆಡಿದ ಮಾತು. ಹೇಳಿದ್ದನ್ನೇ ಎರಡು ಸಲ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮೈಕಿನ ಮುಂದೆ ನಿಲ್ಲೋದು ನನಗೆ ರೂಢಿ ಇಲ್ಲ. ಮೂವತ್ತು ವರ್ಷ ಪಿ.ಟಿ. ಮಾಸ್ತರಿಕೆ ಮಾಡಿದವನು, ಮಾತಾಡಿದ್ದಕ್ಕಿಂತ ಸೀಟಿ ಊದಿದ್ದೇ ಜಾಸ್ತಿ. ಅದಕ್ಕೇ ಭಾಷಣ ಬರೆದುಕೊಂಡು ಬಂದಿಲ್ಲ, ಒಂದು ಹಳೇ ನೋಟ್‌ಬುಕ್ ತಂದಿದ್ದೇನೆ.

ಇದರ ಒಂದು ಪುಟದಲ್ಲಿ ನಾಲ್ಕು ಅಂಕಿ ಇವೆ: 26.5, 29.5, 35, 38. ದೇವದುರ್ಗದ ಕಡೆಯ ಒಬ್ಬ ಹುಡುಗ ಜಿಲ್ಲಾ ಮಟ್ಟದಲ್ಲಿ 800 ಮೀಟರ್ ಓಡುವಾಗ ಪ್ರತಿ 200 ಮೀಟರಿಗೆ ನಾನು ಗೀಚಿಕೊಂಡದ್ದು. ಕೂಡಿಸಿ ನೋಡ್ರಿ. 800 ಅಂದರೆ 400 ಮೀಟರಿನ ಎರಡು ಸುತ್ತು. ಮೊದಲ ಸುತ್ತು 56 ಸೆಕೆಂಡು, ಎರಡನೇದು 73. ಒಟ್ಟು 2 ನಿಮಿಷ 9 ಸೆಕೆಂಡು. ಮೊದಲ ಸುತ್ತು ಮುಗಿದಾಗ ಅವನ ಹಿಂದೆ ಹದಿನೈದು ಮೀಟರ್ ತನಕ ಯಾರೂ ಇರಲಿಲ್ಲ. ಅವರೂರಿನವರು ಟ್ರ್ಯಾಕ್ಸ್ ಜೀಪು ಮಾಡಿಕೊಂಡು ಬಂದಿದ್ದರು, "ಬಿಡಬ್ಯಾಡಲೇ!" ಅಂತ ಗಂಟಲು ಹರಕೊಂಡರು. ಕೊನೇ ನೂರು ಮೀಟರಿನಲ್ಲಿ ಐದು ಮಂದಿ ಅವನನ್ನು ದಾಟಿಕೊಂಡು ಹೋದರು. ಮುಗಿಸಿದವನು ಸುಣ್ಣದ ಗೆರೆ ಮೇಲೇ ಬೋರಲು ಬಿದ್ದ. ಎದ್ದಾಗ ಹಣೆ ಮೇಲೆ ವಿಭೂತಿ ಹಚ್ಚಿದಂತೆ ಬಿಳೀ ಪಟ್ಟಿ. "ಸರ, ಕಾಲು ಕಲ್ಲಾದ್ವು" ಅಂದ.

ಅವನ ತಂದೆ ಪಕ್ಕದಲ್ಲೇ ಇದ್ದರು. "ಕೊನೀಗೆ ದಮ್ಮು ಸಾಲಲಿಲ್ಲ ನೋಡ್ರಿ ಮಾಸ್ತರ್ರ, ಇನ್ನಷ್ಟು ಜೋರು ಓಡಿಸ್ರಿ ದಿನಾ" ಅಂದರು. ಎಲ್ಲ ತಂದೆಯರೂ ಹೇಳೋದು ಇದನ್ನೇ. ಬಹಳ ವರ್ಷ ನಾನೂ ಹಾಗೇ ತಿಳಿದಿದ್ದೆ. ಈವತ್ತಿನ ಮಾತೆಲ್ಲ ಆ ತಿಳಿವಳಿಕೆ ಎಲ್ಲಿ ತಪ್ಪಿತು ಅನ್ನೋದರ ಬಗ್ಗೆ.

ಕಾಲು ಕಲ್ಲಾಗೋದು ಅಂದರೇನು? ಓಟ ಶುರುವಾದ ಕೂಡಲೇ ಸ್ನಾಯುವಿಗೆ ಬೇಕಾದ ಶಕ್ತಿ ಅಲ್ಲೇ ಕೂಡಿಟ್ಟ ದಾಸ್ತಾನಿನಿಂದ ಬರುತ್ತದೆ. ಅದು ಹತ್ತು ಸೆಕೆಂಡಿನ ಬಾಳು. ನಾವು ಉಸಿರಾಡುವ ಗಾಳಿಯ ಆಮ್ಲಜನಕ ಪೂರ್ತಿ ಪ್ರಮಾಣದಲ್ಲಿ ಕೆಲಸಕ್ಕಿಳಿಯಲು ಅರ್ಧ ನಿಮಿಷದ ಮೇಲೇ ಬೇಕು. ಅಲ್ಲಿ ತನಕ ಮೈ ಏನು ಮಾಡುತ್ತದೆ? ಆಮ್ಲಜನಕ ಇಲ್ಲದೇ ಸಕ್ಕರೆ ಅಂಶವನ್ನು ಒಡೆದು ಶಕ್ತಿ ತೆಗೆಯುತ್ತದೆ. ನಮ್ಮ ಹತ್ತಿ ಬೆಳೆಗಾರರು ಬಿತ್ತುವ ಮುಂಚೆ ದಲಾಲಿ ಅಂಗಡಿಯಲ್ಲಿ ಮುಂಗಡ ತರುತ್ತಾರಲ್ಲ, ಹಾಗೆ. ರೊಕ್ಕ ಕೈಗೆ ಬೇಗ ಬರುತ್ತದೆ, ಬಡ್ಡಿ ಆಮೇಲೆ ಕಾಣುತ್ತದೆ. ಇಲ್ಲಿ ಬಡ್ಡಿ ಅಂದರೆ ಸ್ನಾಯುವಿನೊಳಗೆ ಏರುವ ಆಮ್ಲ. ಅದು ಒಂದು ಮಟ್ಟ ದಾಟಿತೆಂದರೆ ಮನಸ್ಸು ಎಷ್ಟೇ ಒದ್ದಾಡಿದರೂ ಕಾಲು ಮಡಚೋದಿಲ್ಲ. ನಮ್ಮ ಹುಡುಗ ಮೊದಲ 200 ಮೀಟರನ್ನು 26.5ಕ್ಕೆ ಓಡಿದಾಗಲೇ ಇಡೀ ವರ್ಷದ ಮುಂಗಡ ಒಂದೇ ಸಲ ಎತ್ತಿಬಿಟ್ಟಿದ್ದ. ಅವನು ಸೋತದ್ದು ಕೊನೇ ನೂರು ಮೀಟರಿನಲ್ಲಿ ಅಲ್ಲ, ಮೊದಲ ಅರ್ಧ ನಿಮಿಷದಲ್ಲಿ.

(ಲ್ಯಾಕ್ಟಿಕ್ ಆಮ್ಲ ಅಂತ ಕೇಳಿರುತ್ತೀರಿ. ಮರುದಿನದ ಮೈಕೈ ನೋವಿಗೂ ಅದೇ ಕಾರಣ ಅಂತ ಎಷ್ಟೋ ಮಾಸ್ತರರು ಈಗಲೂ ಹೇಳುತ್ತಾರೆ. ಅದು ತಪ್ಪು. ಓಟದಲ್ಲಿ ಏರಿದ ಲ್ಯಾಕ್ಟೇಟ್, ಅಂದರೆ ರಕ್ತದಲ್ಲಿ ಆ ಆಮ್ಲ ಇರುವ ರೂಪ, ಒಂದು ತಾಸಿನಲ್ಲೇ ರಕ್ತದಿಂದ ಇಳಿದಿರುತ್ತದೆ. ಅದನ್ನು ಹೃದಯವೇ ಉರುವಲಾಗಿ ಬಳಸಿಕೊಳ್ಳುತ್ತದೆ. ಮರುದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನದು.)

ಹಾಗಾದರೆ ಎರಡೂ ಸುತ್ತು ಒಂದೇ ಸಮ ಓಡಬೇಕೋ? ಅದೂ ಅಲ್ಲ. 2012ರ ಆಗಸ್ಟ್ 9ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಕೀನ್ಯಾದ ಡೇವಿಡ್ ರುಡಿಶಾ 1 ನಿಮಿಷ 40.91 ಸೆಕೆಂಡಿನಲ್ಲಿ 800 ಮುಗಿಸಿದರು, ಅದು ವಿಶ್ವದಾಖಲೆ. ಮೊದಲ ಸುತ್ತು 49.28. ಕಳೆದರೆ ಎರಡನೇ ಸುತ್ತು 51.63. ಎರಡರ ನಡುವಿನ ಅಂತರ ಎರಡು ಸೆಕೆಂಡು ಚಿಲ್ಲರೆ. ವೇಗ ಕಟ್ಟಿಕೊಡಲು ಮುಂದೆ ಯಾರೂ ಇರಲಿಲ್ಲ, ಮೊದಲಿಂದ ಕೊನೇ ತನಕ ಅವರೇ ಮುಂದೆ. ಆ ಓಟದಲ್ಲಿ ಎಂಟನೇಯವನಾಗಿ ಬಂದವನ ಸಮಯ ಅದಕ್ಕೂ ಹಿಂದಿನ ಮೂರು ಒಲಿಂಪಿಕ್ಸ್‌ನಲ್ಲಾಗಿದ್ದರೆ ಚಿನ್ನ ತರುವಂಥದ್ದು. ನನ್ನ ಲೆಕ್ಕ ಇಷ್ಟೇ: ಜಗತ್ತಿನ ಶ್ರೇಷ್ಠ ಓಟಗಾರ ಎರಡು ಸುತ್ತಿನ ನಡುವೆ ಎರಡು ಸೆಕೆಂಡು ಕಳಕೊಂಡ, ನಮ್ಮ ದೇವದುರ್ಗದ ಹುಡುಗ ಹದಿನೇಳು ಕಳಕೊಂಡ. ಆ ಹದಿನೈದು ಸೆಕೆಂಡಿನಲ್ಲಿ ಅರ್ಧ ಉಳಿಸಿದರೂ ನಮಗೆ ಬೇರೆ ಯಾವ ವಿದ್ಯೆಯೂ ಬೇಡ.

ಮುಂದೆ ನಿಂತು ಓಡೋದೇ ತಪ್ಪು ಅಂತ ಯಾರೂ ತಿಳಕೋಬೇಡಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಮೊದಲ ಸುತ್ತಿನಲ್ಲಿ ಎಲ್ಲರನ್ನೂ ಎಳೆದುಕೊಂಡು ಹೋದವರು ನಮ್ಮ ಶ್ರೀರಾಮ್ ಸಿಂಗ್, ರಾಜಸ್ಥಾನದವರು, ಸೈನ್ಯದಲ್ಲಿದ್ದವರು. ಎರಡನೇ ಸುತ್ತಿನಲ್ಲಿ ಕ್ಯೂಬಾದ ಹುವಾಂಟೊರೆನಾ ದಾಟಿ ಹೋಗಿ 1:43.50ರ ವಿಶ್ವದಾಖಲೆ ಮಾಡಿದರು. ಶ್ರೀರಾಮ್ ಸಿಂಗ್ ಏಳನೆಯವರಾದರು. ಆದರೆ ಅವರ ಸಮಯ 1:45.77. ಆ ರಾಷ್ಟ್ರೀಯ ದಾಖಲೆಯನ್ನು ಮುರಿಯಲು ಈ ದೇಶಕ್ಕೆ 42 ವರ್ಷ ಹಿಡಿಯಿತು. 2018ರಲ್ಲಿ ಗುವಾಹಟಿಯಲ್ಲಿ ಜಿನ್ಸನ್ ಜಾನ್ಸನ್ 1:45.65 ಓಡಿದಾಗ ಹೋಯಿತು ಅದು. ಮುಂದೆ ಓಡುವ ಧೈರ್ಯಕ್ಕೆ ಹಿಂದೆ ತಾಲೀಮು ಇದ್ದರೆ ಏಳನೇ ಜಾಗವೂ 42 ವರ್ಷ ನಿಲ್ಲುತ್ತದೆ.

ತಾಲೀಮು ಅಂದೆ. ನಿಮ್ಮ ಅಜ್ಜಂದಿರಲ್ಲಿ ಗರಡಿಮನೆಗೆ ಹೋಗುತ್ತಿದ್ದವರು ಇದ್ದರೆ ಕೇಳಿ. ಪೈಲ್ವಾನರು ಜಾತ್ರೆಯ ಕುಸ್ತಿಯನ್ನು ದಿನಾ ಆಡುತ್ತಿರಲಿಲ್ಲ. ಸಾಮು, ಬಸ್ಕಿ, ಮಟ್ಟಿ ಮಣ್ಣು ಅಗೆಯೋದು, ಇದರಲ್ಲೇ ತಿಂಗಳುಗಟ್ಟಲೆ ಕಳೆಯುತ್ತಿದ್ದರು. ಜಿದ್ದಿನ ಕುಸ್ತಿ ಜಾತ್ರೆಯಲ್ಲಿ ಮಾತ್ರ. ನಮ್ಮ ಓಡುವ ಹುಡುಗರು ಮಾಡೋದು ತಿರುಗಾಮುರುಗಾ. ಬೆಳಿಗ್ಗೆ ಮೈದಾನಕ್ಕೆ ಬರುತ್ತಾರೆ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತುತ್ತಾರೆ, 800 ಇಲ್ಲವೇ 1600 ಜೀವ ಬಿಟ್ಟು ಓಡುತ್ತಾರೆ, ನಿನ್ನೆಗಿಂತ ಎರಡು ಸೆಕೆಂಡು ಕಡಿಮೆಯಾಗಿದ್ದರೆ ಖುಷಿ, ಹೆಚ್ಚಾಗಿದ್ದರೆ ಬೇಜಾರು. ಮರುದಿನ ಮತ್ತೆ ಅದೇ. ಇವರು ದಿನಾ ರೇಸ್ ಓಡುತ್ತಾರೆ, ತಾಲೀಮು ಮಾಡೋದೇ ಇಲ್ಲ. ಮೂರು ವಾರ ಸಮಯ ಇಳಿಯುತ್ತದೆ. ನಾಲ್ಕನೇ ವಾರ ಅಲ್ಲೇ ನಿಲ್ಲುತ್ತದೆ. ಆಮೇಲೆ ಕಾಲು ನೋವು, ಆಮೇಲೆ "ನನಗ ಇದು ಆಗೂದಲ್ಲ".

800 ಮೀಟರಿಗೆ ಬೇಕಾಗುವ ಒಟ್ಟು ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬರುವುದು ಆಮ್ಲಜನಕದಿಂದ. ಎರಡೇ ನಿಮಿಷದ ಓಟ, ಬರೀ ವೇಗದ ಆಟ ಅನ್ನಿಸುತ್ತದೆ, ಆದರೆ ಹಾಗಲ್ಲ. ಆಮ್ಲಜನಕ ಸಾಗಿಸುವ ಹಾದಿ ಎಷ್ಟು ಅಗಲ ಇದ್ದರೆ ಮುಂಗಡ ಅಷ್ಟು ಕಡಿಮೆ ಬೇಕು. ಆ ಹಾದಿ ಅಗಲವಾಗುವುದು ನಿಧಾನದ ಓಟದಿಂದ. ನ್ಯೂಜಿಲೆಂಡಿನ ಪೀಟರ್ ಸ್ನೆಲ್‌ಗೆ ಅವರ ಗುರು ಆರ್ಥರ್ ಲಿಡಿಯಾರ್ಡ್ ಗುಡ್ಡದ ರಸ್ತೆಯಲ್ಲಿ 22 ಮೈಲು ಓಡಿಸುತ್ತಿದ್ದರು. 800 ಮೀಟರಿನ ಓಟಗಾರನಿಗೆ 35 ಕಿಲೋಮೀಟರ್! ಹುಚ್ಚು ಅಂದವರಿದ್ದರು. ಸ್ನೆಲ್ 1960ರಲ್ಲಿ ರೋಮ್‌ನಲ್ಲಿ 800ರ ಚಿನ್ನ ಗೆದ್ದರು, 1964ರಲ್ಲಿ ಟೋಕಿಯೋದಲ್ಲಿ 800, 1500 ಎರಡೂ ಗೆದ್ದರು. ನಡುವೆ 1962ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ 1:44.3ರ ವಿಶ್ವದಾಖಲೆ, ಅದೂ ಹುಲ್ಲಿನ ಟ್ರ್ಯಾಕಿನ ಮೇಲೆ. ನಮ್ಮಲ್ಲಿ ಸಿಂಥೆಟಿಕ್ ಟ್ರ್ಯಾಕ್ ಬೇಕು ಅಂತ ಮನವಿ ಕೊಡುವಾಗೆಲ್ಲ ನನಗೆ ಆ ಹುಲ್ಲು ನೆನಪಾಗುತ್ತದೆ. ಮನವಿ ಕೊಡಬೇಡಿ ಅಂತಲ್ಲ, ಕೊಡ್ರಿ. ಅದು ಬರೋ ತನಕ ಸುಮ್ಮನೆ ಕೂಡಬೇಡಿ ಅಷ್ಟೇ.

ಇದಕ್ಕೆ ಎದುರು ಹಾದಿಯೂ ಇದೆ. ಬ್ರಿಟನ್ನಿನ ಸೆಬಾಸ್ಟಿಯನ್ ಕೋಗೆ ಅವರಪ್ಪನೇ ಗುರು, ವೃತ್ತಿಯಿಂದ ಎಂಜಿನಿಯರು. ಅವರು ದೂರ ಕಡಿಮೆ ಮಾಡಿಸಿ ವೇಗಕ್ಕೆ ಒತ್ತು ಕೊಟ್ಟರು. 1981ರಲ್ಲಿ ಮಗ 1:41.73 ಓಡಿದ, ಆ ದಾಖಲೆ 16 ವರ್ಷ ಉಳಿಯಿತು. ಯಾವುದು ಸರಿ? ಜಗಳ ಇನ್ನೂ ನಡೆದಿದೆ. ನಮ್ಮ ಜಿಲ್ಲೆಯ ಮಕ್ಕಳ ಮಟ್ಟಿಗೆ ನನಗೆ ಅನುಮಾನ ಇಲ್ಲ. ಖೋ-ಖೋ, ಕಬಡ್ಡಿ ಆಡಿ ಬೆಳೆದವರಿಗೆ ಚುರುಕು ಮೊದಲೇ ಇರುತ್ತದೆ. ಇಲ್ಲದ್ದು ದಮ್ಮಿನ ಬುನಾದಿ.

ನಿಧಾನ ಅಂದರೆ ಎಷ್ಟು ನಿಧಾನ? ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ನಾನು ಸಿಂಧನೂರಿನ ಹತ್ತಿರ ಕೆಲಸದಲ್ಲಿದ್ದಾಗ ಹುಡುಗರನ್ನು ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆ ಮೇಲೆ ಓಡಿಸುತ್ತಿದ್ದೆ. ಮಣ್ಣಿನ ದಾರಿ, ಏರಿಳಿತ ಇಲ್ಲ, ಎರಡೂ ಕಡೆ ಭತ್ತದ ಗದ್ದೆ, ಬೆಳಗಿನ ಗಾಳಿ ತಂಪು. ಓಡುತ್ತ ಓಡುತ್ತ ರಾತ್ರಿ ಕ್ರಿಕೆಟ್ ಮ್ಯಾಚಿನಲ್ಲಿ ಏನಾಯಿತು ಅಂತ ಹೇಳಬೇಕು, ಅದು ನನ್ನ ನಿಯಮ. ಮಾತು ತುಂಡಾದರೆ ವೇಗ ಇಳಿಸಬೇಕು. ಈ ನಿಯಮ ಪಾಲಿಸೋದು 300 ಮೀಟರ್ ಜೀವ ಬಿಟ್ಟು ಓಡೋದಕ್ಕಿಂತ ಕಷ್ಟ. ಹದಿನೇಳು ವರ್ಷದ ಹುಡುಗನಿಗೆ ಪಕ್ಕದವನು ಅರ್ಧ ಹೆಜ್ಜೆ ಮುಂದೆ ಹೋದರೂ ಸಹಿಸೋದಿಲ್ಲ.

ಇನ್ನು ಜೋರು ಓಡುವ ದಿನ. ವಾರಕ್ಕೆ ಎರಡು, ಅದಕ್ಕಿಂತ ಹೆಚ್ಚು ಬೇಡ. 2 ನಿಮಿಷ 4 ಸೆಕೆಂಡಿನ ಗುರಿ ಇಟ್ಟುಕೊಳ್ಳೋಣ. ಹಾಗಂದರೆ 200ಕ್ಕೆ 31, 300ಕ್ಕೆ 46.5. ಮಂಗಳವಾರ 300 ಮೀಟರನ್ನು ಐದು ಸಲ ಓಡಬೇಕು, ಪ್ರತಿ ಸಲವೂ 46ರಿಂದ 47ರ ಒಳಗೆ. ನಡುವೆ ಸುಮಾರು ಮೂರು ನಿಮಿಷ ನಡಿಗೆ. ಮೊದಲನೇದನ್ನು 42ಕ್ಕೆ ಓಡಿ ಕಾಲರ್ ಏರಿಸಿಕೊಂಡು ಬರುವವನನ್ನು ನಾನು ಅಲ್ಲೇ ಮನೆಗೆ ಕಳಿಸುತ್ತೇನೆ. ಯಾಕಂದರೆ ಐದನೇದು 52 ಆಗುತ್ತದೆ, ಅವನು ಆ ದಿನ ಕಲಿತದ್ದು ಸೋಲುವ ಅಭ್ಯಾಸ ಮಾತ್ರ. 46.5 ಅಂದರೆ ಹೇಗಿರುತ್ತದೆ ಅಂತ ಕಾಲಿಗೆ ಗೊತ್ತಾಗಬೇಕು, ಗಡಿಯಾರ ನೋಡದೇ.

ಈ ನಡುವಿನ ವಿಶ್ರಾಂತಿಗೂ ಒಂದು ಇತಿಹಾಸ ಇದೆ. 1930ರ ದಶಕದಲ್ಲಿ ಜರ್ಮನಿಯ ಗೆರ್ಷ್ಲರ್ ಎಂಬ ತರಬೇತುದಾರರು ರೈಂಡೆಲ್ ಎಂಬ ಹೃದಯ ವೈದ್ಯರ ಜೊತೆ ಸೇರಿ ಇದನ್ನು ರೂಪಿಸಿದರು. ಓಡಿದಾಗ ನಾಡಿ 180ರ ಹತ್ತಿರ ಹೋಗಬೇಕು, 120ಕ್ಕೆ ಇಳಿದ ಮೇಲೇ ಮುಂದಿನ ಓಟ. ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1:46.6ಕ್ಕೆ ಓಡಿದ. ನಮಗೆ ಯಂತ್ರ ಬೇಕಿಲ್ಲ. ಕೊರಳ ಪಕ್ಕ ಎರಡು ಬೆರಳಿಟ್ಟು ಹತ್ತು ಸೆಕೆಂಡು ಎಣಿಸಿ. ಇಪ್ಪತ್ತು ಬಡಿತ ಬಂದರೆ 120. ಮೂರು ನಿಮಿಷ ಆದರೂ ಇಪ್ಪತ್ತಾರು, ಇಪ್ಪತ್ತೇಳು ಬರುತ್ತಿದ್ದರೆ ಆವತ್ತಿನ ಕೆಲಸ ಮುಗಿಯಿತು, ಚಪ್ಪಲಿ ಹಾಕಿಕೊಳ್ಳಿ.

ಎರಡನೇ ಜೋರಿನ ದಿನ, ಶನಿವಾರ ಅನ್ನಿ, ಮೂರನೇ 200 ಮೀಟರಿಗೆ ಮೀಸಲು. ಆ ಹುಡುಗನ ಅಂಕಿ ನೋಡಿದಿರಲ್ಲ, 29.5ರಿಂದ ಒಮ್ಮೆಗೇ 35ಕ್ಕೆ ಜಾರಿದ್ದು ಅಲ್ಲೇ. ಗೆಲುವಿನ ಗೆರೆ ಇನ್ನೂ ಕಾಣೋದಿಲ್ಲ, ನೋಡುವವರ ಗದ್ದಲ ಹಿಂದೆ ಉಳಿದಿರುತ್ತದೆ, ಆ ಕಡೆಯ ತಿರುವಿನಲ್ಲಿ ನೀವೊಬ್ಬರೇ. ಅದಕ್ಕೆ ಮದ್ದು: 400 ಮೀಟರನ್ನು 62ಕ್ಕೆ ಓಡಿ, ಒಂದೇ ನಿಮಿಷ ನಿಂತು, ತಕ್ಷಣ 200ನ್ನು 30ಕ್ಕೆ. ಎಂಟು ನಿಮಿಷ ಬಿಟ್ಟು ಇನ್ನೊಮ್ಮೆ. ಕಸುವಿದ್ದರೆ ಮೂರನೇ ಸಲ. ಉಳಿದ ದಿನ ನಿಧಾನದ ಓಟ, ಕೊನೆಗೆ 80 ಮೀಟರಿನ ಐದಾರು ಹಗುರ ಓಟ, ಭಾನುವಾರ ಒಂದು ತಾಸು ಕಾಲುವೆ ದಂಡೆ, ಶುಕ್ರವಾರ ರಜೆ. ಗುರುವಾರ ಇಪ್ಪತ್ತು ನಿಮಿಷ ಸ್ವಲ್ಪ ಬಿಗಿಯಾಗಿ, ಎರಡು ಮೂರು ಶಬ್ದ ಆಡಬಹುದು, ಹರಟೆ ಹೊಡೆಯಲಾಗದು ಅನ್ನುವ ವೇಗದಲ್ಲಿ.

ದೇವದುರ್ಗದ ಹುಡುಗ ಎರಡು ವರ್ಷ ಇದನ್ನು ಮಾಡಿದ. ಇದೇ ನೋಟ್‌ಬುಕ್‌ನ ಇನ್ನೊಂದು ಪುಟ: 29, 30.5, 31.5, 31. ಒಟ್ಟು 2:02. ಮೊದಲ 200ರಲ್ಲಿ ಅವನು ಆರನೆಯವನಾಗಿದ್ದ, ಅವರಪ್ಪ ತಲೆ ಮೇಲೆ ಕೈ ಹೊತ್ತುಕೊಂಡು ಕೂತಿದ್ದರು.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಮಾನ್ವಿ ಕಡೆಯ ಒಬ್ಬಳು ಹುಡುಗಿ, ಹದಿನಾರು ವರ್ಷ. ಜಿಲ್ಲೆಯಲ್ಲಿ ಗೆದ್ದು ವಿಭಾಗ ಮಟ್ಟಕ್ಕೆ ಹೋಗುವವಳಿದ್ದಳು. ಮೂರು ವಾರ ಇತ್ತು. ಆಸೆಗೆ ಬಿದ್ದು ವಾರಕ್ಕೆ ಐದು ದಿನ ಜೋರು ಓಡಿಸಿದೆ. ಮೊಣಕಾಲಿನ ಕೆಳಗೆ ಎಲುಬು ನೋಯುತ್ತದೆ ಅಂದಳು. "ಎಣ್ಣಿ ಹಚ್ಚಿ ತಿಕ್ಕು, ಕಡಿಮಿ ಆಗ್ತದ" ಅಂದೆ. ಹೊರಡುವ ನಾಲ್ಕು ದಿನ ಮುಂಚೆ ಅವಳಿಗೆ ಕುಂಟದೇ ನಡೆಯಲು ಬರಲಿಲ್ಲ. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಎಂಟೂವರೆ, ಇರಬೇಕಾದದ್ದಕ್ಕಿಂತ ಬಹಳ ಕಡಿಮೆ. ಅವಳ ತಾಯಿ ಶಾಲೆಗೆ ಬಂದು ನನಗೆ ಬೈಯಲಿಲ್ಲ. "ಮಾಸ್ತರ್ರ, ಹೆಣ್ಮಕ್ಕಳು ಓಡಿದ್ರ ಎಲುಬು ಮುರೀತಾವೇನ್ರಿ?" ಅಂತ ಕೇಳಿದರು. ಇಲ್ರೀ ಯವ್ವ, ಇದು ನನ್ನ ತಪ್ಪು ಅಂದೆ. ಅವರು ನಂಬಲಿಲ್ಲ. ಅವಳು ಆಮೇಲೆ ಓಡಲಿಲ್ಲ.

ಅದಕ್ಕೇ ಇಲ್ಲಿ ಕೂತ ತಾಯಂದಿರಿಗೆ ಹೇಳೋದು. ಕೆಳಗಾಲಿನ ಮುಂಭಾಗ ಉದ್ದಕ್ಕೂ ಮಂದ ನೋವಿದ್ದರೆ ಓಟ ಕಡಿಮೆ ಮಾಡಬೇಕು. ಒಂದೇ ಕಡೆ, ಬೆರಳ ತುದಿಯಷ್ಟು ಜಾಗದಲ್ಲಿ ಒತ್ತಿದರೆ ಚೀರುವಂತೆ ನೋವಿದ್ದರೆ ಆವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು, ಎಣ್ಣೆ ಗಿಣ್ಣೆ ಬೇಡ. ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್. ಅದು ಎಂಟಿದ್ದಾಗ ಎಂಥ ತಾಲೀಮು ಮಾಡಿಸಿದರೂ ಸೋರುವ ಕೊಡಕ್ಕೆ ನೀರು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತಾರಲ್ಲ, ಕಬ್ಬಿಣಾಂಶದ್ದು, ಕಾಂಪೌಂಡಿನ ಆಚೆ ಎಷ್ಟು ಬಿದ್ದಿರುತ್ತವೆ ನಾನು ನೋಡಿದ್ದೇನೆ. ಊಟದ ಜೊತೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಂಡರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟ ಆದ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ. ಒಂದು ತಾಸು ತಡೀರಿ.

ನಮ್ಮೂರಿನ ಮಾತಿಗೆ ಬರೋಣ. ರಾಯಚೂರಿಗೆ ಎರಡೇ ಕಾಲ, ಬ್ಯಾಸಗಿ ಮತ್ತು ಕಡು ಬ್ಯಾಸಗಿ ಅಂತ ನಾವೇ ನಗೆಯಾಡುತ್ತೇವೆ. ಮಾರ್ಚ್‌ನಿಂದ ಜೂನ್ ತನಕ ಬೆಳಗಿನ ಆರೂವರೆ ಒಳಗೆ ಮುಗಿಸಬೇಕು, ಸಮಯ ಎರಡು ಮೂರು ಸೆಕೆಂಡು ಹೆಚ್ಚಾದರೆ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಬುನಾದಿ ಹಾಕಲು ದಸರೆಯಿಂದ ಶಿವರಾತ್ರಿ ತನಕದ ತಂಪಿನ ದಿನಗಳೇ ಸರಿ. ನಮ್ಮ ಕಷ್ಟ ಏನೆಂದರೆ ಹೋಬಳಿ, ತಾಲ್ಲೂಕು ಕೂಟಗಳು ಮಳೆಗಾಲದಲ್ಲಿ ಬರುತ್ತವೆ, ಮಕ್ಕಳಿಗೆ ಓಟ ನೆನಪಾಗೋದು ಎಂಟು ದಿನ ಮುಂಚೆ. ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಮಳೆ ಬಂದಾಗ ಓಡಬೇಡಿ, ಒಂದೊಂದು ಬೂಟಿಗೆ ಅರ್ಧ ಕಿಲೋ ಮಣ್ಣು ಅಂಟುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಾಯಿಬಿಟ್ಟು ಹಿಮ್ಮಡಿ ಹೊರಳಿಸುತ್ತದೆ. ಮಸಾರಿ ನೆಲ, ಅಂದರೆ ಕೆಂಪು ಮಣ್ಣಿನದು, ಹುಡುಕಿ. ಏರು ಬೇಕಾದರೆ ಯಾವುದಾದರೂ ಗುಡ್ಡದ ಮಣ್ಣಿನ ದಾರಿ ಸಾಕು. ಹತ್ತು ಸೆಕೆಂಡು ಮೇಲಕ್ಕೆ, ನಡೆದು ಕೆಳಕ್ಕೆ, ಎಂಟು ಸಲ.

ಓಟದ ದಿನ ಮೂರು ತಾಸು ಮುಂಚೆ ಉಪ್ಪಿಟ್ಟೋ ರೊಟ್ಟಿಯೋ ತಿಂದು ಮುಗಿಸಿ. ಒಮ್ಮೆ ತಾಲ್ಲೂಕು ಕೂಟದಲ್ಲಿ ಓಟಕ್ಕೆ ಅರ್ಧ ತಾಸು ಇರುವಾಗ ಒಬ್ಬ ಮಂಡಾಳ ಒಗ್ಗರಣಿ, ನಾಲ್ಕು ಮಿರ್ಚಿ ತಿಂದು ಬಂದ. ಎರಡನೇ ಸುತ್ತಿನ ವಿವರ ಇಲ್ಲಿ ಬೇಡ.

ಟ್ರ್ಯಾಕಿನ ಒಂದು ಲೆಕ್ಕ ಮಾತ್ರ ಹೇಳಿಬಿಡುತ್ತೇನೆ. 400 ಮೀಟರಿನ ಟ್ರ್ಯಾಕಿನಲ್ಲಿ 800ರ ಮೊದಲ ತಿರುವನ್ನು ಅವರವರ ಲೇನಿನಲ್ಲೇ ಓಡಬೇಕು, ಅದಾದ ಮೇಲೆ ಒಳಕ್ಕೆ ಬರಬಹುದು. ಲೇನಿನ ಅಗಲ 1.22 ಮೀಟರ್. ಒಂದು ತಿರುವಿನಲ್ಲಿ ನೀವು ಒಳಗಿನವನ ಪಕ್ಕಕ್ಕೆ, ಎರಡನೇ ಲೇನಿನಲ್ಲಿ ಓಡಿದರೆ ಅವನಿಗಿಂತ 3.83 ಮೀಟರ್ ಹೆಚ್ಚು ಓಡುತ್ತೀರಿ. ಉಳಿದ ಮೂರೂ ತಿರುವಿನಲ್ಲಿ ಹಾಗೇ ಮಾಡಿದರೆ ಹನ್ನೊಂದೂವರೆ ಮೀಟರ್. 2:05 ಓಡುವವನಿಗೆ ಅದು ಹತ್ತಿರ ಹತ್ತಿರ 1.8 ಸೆಕೆಂಡು. ಆರು ತಿಂಗಳು ಬೆವರು ಸುರಿಸಿ ಗಳಿಸಿದ್ದನ್ನು ಹೀಗೆ ಹೊರಗಿನ ಲೇನಿನಲ್ಲಿ ಚೆಲ್ಲಿ ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ದಾಟುವುದಿದ್ದರೆ ನೇರ ದಾರಿಯಲ್ಲಿ ದಾಟಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. "ಸರ, ನಮಗ ಮೆಡಲ್ ಬ್ಯಾಡ. ಪೊಲೀಸ್ ಫಿಸಿಕಲ್‌ಗೆ 1600 ಮೀಟರ್ ಆರೂವರಿ ನಿಮಿಷದಾಗ ಮುಗಿಸಬೇಕು. ನಂದು ಏಳರ ಕೆಳಗ ಬರವಲ್ಲದು."

"ಮೊದಲ ಸುತ್ತು ಎಷ್ಟಕ್ಕೆ ಓಡ್ತಿ ತಮ್ಮಾ?"

"ಎಂಬತ್ತು ಸೆಕೆಂಡು ಆಗಬೌದ್ರಿ."

ಬೋರ್ಡಿನ ಮೇಲೆ ಬರೆದು ತೋರಿಸಿದೆ. ಆರೂವರೆ ನಿಮಿಷ ಅಂದರೆ 390 ಸೆಕೆಂಡು, ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ 97.5. ಅವನು ಮೊದಲ ಸುತ್ತಿನಲ್ಲೇ ಹದಿನೇಳು ಸೆಕೆಂಡು ಚಿಲ್ಲರೆ ಮುಂಗಡ ಎತ್ತುತ್ತಾನೆ. ಅವನ ಏಳು ನಿಮಿಷದಲ್ಲಿ ಆ ಎಂಬತ್ತು ಕಳೆದರೆ ಉಳಿದ ಮೂರು ಸುತ್ತು ಸರಾಸರಿ 113. ಅದೇ ಹದಿನೇಳು, ದೇವದುರ್ಗದ ಹುಡುಗನದೇ ಅಂಕಿ.

"97ಕ್ಕೆ ಓಡಿದ್ರ ಎಲ್ಲಾರಕಿಂತ ಹಿಂದ ಉಳೀತೀನ್ರಿ ಸರ. ಮಂದಿ ನಗ್ತಾರ."

"ಮಂಗಳವಾರ ಬೆಳಿಗ್ಗೆ ಐದೂವರೆಗೆ ಇದೇ ಮೈದಾನಕ್ಕೆ ಬಾ. ಮೊದಲ ಎರಡು ಸುತ್ತು ನಾನು ಸೈಕಲ್ ಮೇಲೆ ನಿನ್ನ ಮುಂದೆ ಇರ್ತೀನಿ, ಕೈಯಾಗ ಗಡಿಯಾರ ಹಿಡಕೊಂಡು. ಆ ಎರಡು ಸುತ್ತಿನಾಗ ನೀ ನನ್ನ ದಾಟಂಗಿಲ್ಲ, ಅಷ್ಟೇ ಕರಾರು."